ಅಮಾವಾಸ್ಯೆಗೆ ಕೆರೆಯುವ ಹತ್ತಿ

ನನ್ನ ಬಲಗೈ ಬೆರಳುಗಳು ಯಾವಾಗಲೂ ಸುಕ್ಕುಗಟ್ಟಿರುತ್ತವೆ. ವಯಸ್ಸಾಗಿದೆ ನಿಜ, ಆದರೆ ಎಡಗೈಗೂ ಅಷ್ಟೇ ವಯಸ್ಸಲ್ಲವೇ? ಅದು ಚೆನ್ನಾಗಿಯೇ ಇದೆ. ಬಲಗೈಯನ್ನು ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಹೀಗಾಗಿದೆ. ಊರಿನಲ್ಲಿ ಮಗು ಹುಟ್ಟಿದರೆ ಮೊದಲು ಸೂಲಗಿತ್ತಿಯನ್ನು ಕರೆಯುತ್ತಾರೆ, ಆಮೇಲೆ ನನ್ನನ್ನು. ಸೂಲಗಿತ್ತಿಗೆ ಸೀರೆ ಸಿಗುತ್ತದೆ, ನನಗೆ ಕಾಫಿ. ಕಾಫಿ ನೀರಾಗಿದ್ದ ಮನೆಯಲ್ಲಿ ಚೆನ್ನಾಜಮ್ಮನಿಗೆ ಕಣ್ಣು ಮಂಜಾಗುತ್ತದೆ ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಪೂರ್ತಿ ಸುಳ್ಳೇನಲ್ಲ.

ನಮ್ಮೂರಿನ ಪ್ರತಿ ಮನೆಯ ನಡುಮನೆಯಲ್ಲೂ ಒಂದು ಗಾಜಿನ ತೊಟ್ಟಿ ಇದೆ. ತೊಟ್ಟಿಯಲ್ಲಿ ಉಪ್ಪುನೀರು, ಹವಳದ ಕಲ್ಲುಗಳು, ಎರಡೋ ಮೂರೋ ಪಟ್ಟೆಮೀನು, ಮೇಲೊಂದು ನೀಲಿ ಟ್ಯೂಬ್‌ಲೈಟು, ಮೂಲೆಯಲ್ಲಿ ಗೊರಗೊರ ಅನ್ನುವ ಪಂಪು. ಸಮುದ್ರವನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಪಡುವಣ ಬಾವಿಯಲ್ಲಿ ಉಪ್ಪುನೀರು ಬರುತ್ತದೆ, ಮೂಡಣ ಬಾವಿಯಲ್ಲಿ ಸಿಹಿನೀರು. ಒಂದು ತೊಟ್ಟಿಗೆ, ಇನ್ನೊಂದು ಅಡುಗೆಗೆ. ಮನೆಯಲ್ಲಿ ಮಗು ಹುಟ್ಟಿದರೆ ಆ ಮನೆಯ ತೊಟ್ಟಿಯಲ್ಲಿ ಒಂದು ಕೆಂಪು ಪಾಚಿ ಏಳುತ್ತದೆ. ಕೆಲವರಿಗೆ ಹಾಲು ಕುಡಿಯುವಾಗಲೇ ಏಳುತ್ತದೆ, ಕೆಲವರಿಗೆ ನಡೆಯುವುದು ಕಲಿತ ಮೇಲೆ. ಪಾಚಿ ಚೆನ್ನಾಗಿದ್ದರೆ ಮನುಷ್ಯ ಚೆನ್ನಾಗಿರುತ್ತಾನೆ, ಪಾಚಿ ಸೊರಗಿದರೆ ಹಾಸಿಗೆ ಹಿಡಿಯುತ್ತಾನೆ. ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ತಮ್ಮ ಪಾಚಿಯನ್ನು ಅದು ಕಚ್ಚಿಕೊಂಡ ಕಲ್ಲಿನ ಸಮೇತ ಬಕೆಟ್ಟಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಪಾಚಿ ಯಾವುದೆಂದು ಗುರುತಾಗುವವರೆಗೆ ಮಗುವಿಗೆ ಹೆಸರಿಲ್ಲ. ನಾನು ಇಂಥದ್ದು ಎಂದು ಹೇಳಿದ ಮೇಲೆ, ಅದೇ ಪಾಚಿಯವರಲ್ಲಿ ಹಿರಿಯರೊಬ್ಬರು ಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಹೆತ್ತವರು ಹೆಸರಿಡುವಂತಿಲ್ಲ. ನಾನು ಬೀಸಣಿಗೆ ಪಾಚಿಯವಳು. ನನಗೆ ಮುಂಚೆ ನನ್ನ ಸೋದರತ್ತೆ ಈ ಗುರುತಿನ ಕೆಲಸ ಮಾಡುತ್ತಿದ್ದಳು.

ಗುರುತು ಹಿಡಿಯುವುದು ಸುಲಭ ಅಂದುಕೊಂಡವರೇ ಹೆಚ್ಚು. ಕೆಂಪು ಪಾಚಿ ಕೆಂಪಗಿರುತ್ತದೆ, ಅಷ್ಟೇ ತಾನೇ ಎನ್ನುತ್ತಾರೆ. ಎಲ್ಲಿ ಬಂತು! ಬೆಳಕು ಜಾಸ್ತಿಯಾದರೆ ಕೆಂಪು ಪಾಚಿ ಹಳದಿಯಾಗುತ್ತದೆ, ಕಂದುಬಣ್ಣಕ್ಕೆ ತಿರುಗುತ್ತದೆ, ಹಸಿರೂ ಆಗುತ್ತದೆ. ಹೊಸದಾಗಿ ಮನೆ ಕಟ್ಟಿಸಿದ ಒಬ್ಬರು ತೊಟ್ಟಿಯ ಮೇಲೆ ಕಣ್ಣು ಕುಕ್ಕುವ ಲೈಟು ಹಾಕಿಸಿ, ಮಗನ ಪಾಚಿ ಹಸಿರಾಗಿ ಎದ್ದಿದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತಿದ್ದರು. ನಾನು ಹೋಗಿ ಒಂದು ಹಳೇ ಲುಂಗಿ ಹೊದಿಸಿ ಬಂದೆ. ಮುಂದಿನ ವಾರದ ಹೊತ್ತಿಗೆ ಪಾಚಿ ದಾಸವಾಳದ ಬಣ್ಣಕ್ಕೆ ತಿರುಗಿತ್ತು. ಬಣ್ಣವನ್ನು ನಂಬಬಾರದು, ಬೆರಳನ್ನು ನಂಬಬೇಕು. ಗೊಂಚಲು ಪಾಚಿಯನ್ನು ಒತ್ತಿದರೆ ಪುಟ್ಟ ಗುಳ್ಳೆ ಪಟ್ಟೆಂದು ಒಡೆದು ಲೋಳೆ ಬರುತ್ತದೆ. ಕೊಂಬು ಪಾಚಿ ಗಟ್ಟಿ, ಬಗ್ಗಿಸಿದರೆ ಕಿವಿಯ ಮೆದುಮೂಳೆಯಂತೆ ಎದುರಾಡುತ್ತದೆ. ಬೀಸಣಿಗೆ ಪಾಚಿ ಬೆರಳ ನಡುವೆ ನಿಲ್ಲುವುದೇ ಇಲ್ಲ, ಜಾರುತ್ತದೆ. ಗರಿ ಪಾಚಿ ಹೂವಿಗಿಂತ ಮೆತ್ತಗೆ, ಆದರೆ ಮುಟ್ಟಿದ ಕೈಗೆ ಟಿಂಚರ್ ಹಚ್ಚಿದ ಹಾಗೆ ಘಾಟು ಹತ್ತುತ್ತದೆ, ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ. ಇಷ್ಟು ವರ್ಷವಾದರೂ ಒಂದು ಎಳೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ನನಗೆ ಎದೆ ಝಲ್ ಎನ್ನುತ್ತದೆ. ಒಬ್ಬ ಮನುಷ್ಯ ಇಡಿಯಾಗಿ ಇದರೊಳಗೆ ಇದ್ದಾನಲ್ಲ ಅನ್ನಿಸುತ್ತದೆ.

ಇನ್ನೊಂದು ಇದೆ, ಹತ್ತಿ. ಅದನ್ನು ಯಾರೂ ಪಾಚಿ ಎಂದು ಕರೆಯುತ್ತಿರಲಿಲ್ಲ. ಕಲ್ಲುಗಳ ಸಂದಿಯಲ್ಲಿ ನಸುಗೆಂಪಾಗಿ, ಹಿಂಜಿದ ಹತ್ತಿಯ ಉಂಡೆಯಂತೆ ಕೂರುವ ಕೊಳೆ ಅದು. ಎಲ್ಲ ಮನೆಗಳಲ್ಲಿ ಅಲ್ಲದಿದ್ದರೂ ಕೆಲವು ಮನೆಗಳಲ್ಲಿ ಬಿಡದೆ ಬರುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಎದ್ದು ತೆಂಗಿನ ನಾರಿನಿಂದ ಅದನ್ನು ಕೆರೆದು ಮೋರಿಗೆ ಚೆಲ್ಲಿ, ಆಮೇಲೆ ಸ್ನಾನ ಮಾಡುವುದು ನಮ್ಮ ಪದ್ಧತಿ. ನಮ್ಮಜ್ಜಿ ಮಾಡಿದ್ದಳು, ನಮ್ಮವ್ವ ಮಾಡಿದ್ದಳು. ಯಾಕೆ ಎಂದು ಕೇಳಿದವರಿಲ್ಲ.

ಎಲ್ಲ ಮಕ್ಕಳಿಗೂ ಪಾಚಿ ಏಳುತ್ತದೆ ಎಂದಿಲ್ಲ. ಮೊದಲ ಹಾಲುಹಲ್ಲು ಬೀಳುವ ಹೊತ್ತಿಗೂ ಏಳದಿದ್ದರೆ ಆ ಮಗುವನ್ನು ಕಣಿವೆಯಾಚೆಗೆ ಕಳಿಸಬೇಕು. ಅಲ್ಲಿಯ ಜನ ತೊಟ್ಟಿಯಿಲ್ಲದೆ ಬದುಕುತ್ತಾರೆ, ಒಳ್ಳೆಯವರೇ, ಬಂದ ಮಗುವನ್ನು ಸಾಕಿಕೊಳ್ಳುತ್ತಾರೆ. ಆದರೆ ಕಳಿಸಿದವರು ಮತ್ತೆ ನೋಡಲು ಹೋಗುವಂತಿಲ್ಲ. ಮಗುವಿನ ಹಲ್ಲು ಬಿದ್ದ ದಿನ ಬಂದು ‘ಏಳಲಿಲ್ಲ’ ಎಂದು ಹೇಳುವುದೂ ಗುರುತಿನವಳ ಕೆಲಸವೇ. ನನ್ನ ಸೋದರತ್ತೆ ಹೇಳಿದ್ದಳಂತೆ. ಹೇಳಿ ಬಂದ ದಿನ ಊಟ ಮಾಡುತ್ತಿರಲಿಲ್ಲ. ನನಗೆ ಆ ಮಾತು ಹೇಳುವ ಪಾಳಿ ಇನ್ನೂ ಬಂದಿರಲಿಲ್ಲ. ಗರಿ ಪಾಚಿಯವರ ಮನೆಗಳಲ್ಲೇ ಇಂಥ ಮಕ್ಕಳು ಹೆಚ್ಚು ಎಂಬುದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಗರಿಯವರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಗರಿಯವರು ಕಡಿಮೆಯಾಗುತ್ತ ಬಂದು ಕೊನೆಗೆ ಪಂಪು ರಿಪೇರಿಯ ಮಾಚಪ್ಪನೊಬ್ಬ ಉಳಿದಿದ್ದ. ಅವನ ಹೆಂಡತಿ ತುಂಗಮ್ಮ, ಗೊಂಚಲಿನವಳು, ಯಾರ ಮಾತೂ ಕೇಳದೆ ಅವನನ್ನು ಕಟ್ಟಿಕೊಂಡಿದ್ದಳು. ಅವರಿಗೊಬ್ಬಳೇ ಮಗಳು. ಹೆಸರಿಲ್ಲದ್ದಕ್ಕೆ ಕೂಸು ಎಂದೇ ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಮಾಚಪ್ಪ ಬಂದು ಬಾಗಿಲಲ್ಲಿ ನಿಂತ. ನಾನು ಭೂತಗನ್ನಡಿಯನ್ನೂ ಟಾರ್ಚನ್ನೂ ಸೆರಗಿಗೆ ಕಟ್ಟಿಕೊಂಡು ಹೊರಟೆ.

"ಬನ್ನಿ ಚೆನ್ನಾಜಕ್ಕ, ಹಲ್ಲು ಅಲ್ಲಾಡ್ತಿದೆ," ಎಂದಳು ತುಂಗಮ್ಮ. ಅವಳ ಕಣ್ಣು ಊದಿಕೊಂಡಿತ್ತು.

ಮಗು ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿತ್ತು. ಮುಟ್ಟಿದರೆ ಮೈ ಕೆಂಡ. ನನ್ನನ್ನು ನೋಡಿ ಎದ್ದು ಕೂತು, "ಅಜ್ಜೀ, ನಂಗೆ ಚಕ್ಲಿ ಕೊಡಲ್ಲ ಅಂತಾಳೆ ಅವ್ವ. ಬರೀ ಗಂಜಿ," ಎಂದು ದೂರು ಹೇಳಿತು.

"ಸುಮ್ನೆ ಮಲಕ್ಕೋ. ನಾಲಿಗೇಲಿ ಹಲ್ಲು ಮುಟ್ಬೇಡ ಅಂತ ಎಷ್ಟು ಸಲ ಹೇಳೋದು?" ಎಂದು ತುಂಗಮ್ಮ ಗದರಿದಳು.

ಹಲ್ಲು ಬೀಳದಿರಲೆಂದು ತಿಂಗಳಿನಿಂದ ಮಗುವಿಗೆ ಗಂಜಿಯನ್ನಷ್ಟೇ ಕುಡಿಸುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಿತು. ಬೇಗ ತೊಟ್ಟಿಯ ಕಡೆ ತಿರುಗಿದೆ.

ಅಂಥ ಚೊಕ್ಕ ತೊಟ್ಟಿಯನ್ನು ನಾನು ನೋಡಿರಲಿಲ್ಲ. ಕಲ್ಲುಗಳೆಲ್ಲ ಬೆಳಗಿದ ಪಾತ್ರೆಯ ಹಾಗಿದ್ದವು. ಎಡಗಡೆ ತುಂಗಮ್ಮನ ಗೊಂಚಲು, ಬಲಗಡೆ ಮಾಚಪ್ಪನ ಗರಿ, ಪಂಪಿನ ಸೆಳೆತಕ್ಕೆ ಒಂದೇ ಸಮನೆ ತೂಗುತ್ತ. ಮೂರನೆಯದೊಂದು ಎಲ್ಲೂ ಇಲ್ಲ. ಟಾರ್ಚ್ ಹಿಡಿದು ಪ್ರತಿ ಸಂದಿಯಲ್ಲೂ ನೋಡಿದೆ, ಬೆರಳು ತೂರಿಸಿ ತಡವಿದೆ, ಕಲ್ಲು ಎತ್ತಿ ಅಡಿ ನೋಡಿದೆ. ಹೊಸ ಪಾಚಿಯ ಗುಲಾಬಿ ಪೊರೆಯೊಂದೂ ಕಾಣಲಿಲ್ಲ.

"ಇಷ್ಟೊಂದು ತಿಕ್ಕಿದ್ರೆ ನಾನೇನು ಹುಡುಕ್ಲಿ ತುಂಗಿ? ತೊಟ್ಟೀನೋ, ಬೆಳಗಿಟ್ಟ ಮದುವೆಮನೆ ಕೊಪ್ಪರಿಗೇನೋ ಇದು?" ಎಂದು ರೇಗಿದೆ.

"ಏನ್ ಮಾಡ್ಲಿ ಅಕ್ಕ, ಎಷ್ಟು ತಿಕ್ಕಿದ್ರೂ ಈ ಹಾಳಾದ ಹತ್ತಿ ಮತ್ತೆ ಬರುತ್ತೆ. ಬೇರೆಯವ್ರು ಅಮಾಸೆಗೆ ಒಂದ್ಸಲ ಕೆರೀತಾರೆ. ನಾನು ಕಂಡಾಗೆಲ್ಲ ಕೆರೀತೀನಿ. ಹತ್ತಿ ಎದ್ರೆ ಕೂಸಿಗೆ ಜ್ವರ ಬರುತ್ತೆ. ಇವತ್ತು ಬೆಳಿಗ್ಗೇನೂ ಪೂರ್ತಿ ಕೆರೆದೆ. ಆದ್ರೂ ಜ್ವರ ಇಳೀಲಿಲ್ಲ ನೋಡಿ, ಇನ್ನೂ ಏರ್ತಾ ಇದೆ."

ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ. ಮನಸ್ಸು ಸರಿಯಿರಲಿಲ್ಲ. ಸೆರಗು ಸಡಿಲಾಗಿ ಭೂತಗನ್ನಡಿ ಜಾರಿ ಅಲ್ಲಿದ್ದ ಬಕೆಟ್ಟಿಗೆ ಬಿತ್ತು. ಬಕೆಟ್ಟಿನ ತಳದಲ್ಲಿ ಅವಳು ಬೆಳಿಗ್ಗೆ ಕೆರೆದ ಹತ್ತಿ, ನಾಲ್ಕು ಬೆರಳು ಉಪ್ಪುನೀರು. ಶಪಿಸುತ್ತ ಕೈ ಹಾಕಿ ಭೂತಗನ್ನಡಿ ತೆಗೆದು, ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿದೆ. ಮೂಗಿಗೆ ಘಾಟು ಹೊಡೆಯಿತು.

ಅಲ್ಲೇ ನಿಂತೆ. ಮತ್ತೆ ಮೂಸಿದೆ. ಟಿಂಚರಿನ ವಾಸನೆ. ಒಳಗೆ ಗರಿಯನ್ನು ಮುಟ್ಟಿದ್ದು ಬಲಗೈ, ಬಕೆಟ್ಟಿಗೆ ಹಾಕಿದ್ದು ಎಡಗೈ. ಎರಡನ್ನೂ ಒಂದಾದ ಮೇಲೊಂದು ಮೂಗಿಗೆ ಹಿಡಿದು ನೋಡಿದೆ. ಯಾವುದು ಯಾವ ಕೈ ಎಂದು ನನಗೇ ತಿಳಿಯದಷ್ಟು ಒಂದೇ ವಾಸನೆ. ಇಷ್ಟು ವರ್ಷ ಊರಿನ ಎಲ್ಲ ಪಾಚಿಗಳನ್ನು ಮೂಸಿದವಳು ಹತ್ತಿಯನ್ನು ಮೂಸಿರಲಿಲ್ಲ. ಕೊಳೆಯನ್ನು ಯಾರು ಮೂಸುತ್ತಾರೆ?

ಒಂದು ಎಳೆ ತೆಗೆದು ಬೆಳಕಿಂಡಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕೊಳೆಗೆ ಅಂಥ ಅಚ್ಚುಕಟ್ಟು ಎಲ್ಲಿಂದ ಬರಬೇಕು? ಕೂದಲಿಗಿಂತ ಸಣ್ಣ ಎಳೆಯ ಉದ್ದಕ್ಕೂ ಪುಟ್ಟ ಪುಟ್ಟ ಕೋಣೆಗಳು, ನಡುನಡುವೆ ಮಿಣುಕುವ ಒಂದೊಂದು ಮಣಿ. ಓಡಿಹೋಗಿ ಮಾಚಪ್ಪನ ಗರಿಯ ತುದಿಯಿಂದ ಒಂದು ಚೂರು ಕಿತ್ತೆ. ಮಾಚಪ್ಪ ಪಕ್ಕದಲ್ಲಿ ನಿಂತವನು ‘ಸ್ಸ್’ ಎಂದು ಕಿವಿ ಹಿಡಿದುಕೊಂಡ. ಅದರಲ್ಲೂ ಅದೇ ಮಿಣುಕು ಮಣಿಗಳು. ಹುಟ್ಟಿದಾಗಿನಿಂದ ನೋಡುತ್ತಿದ್ದ ಗೋಡೆಯಲ್ಲಿ ಬಾಗಿಲು ಕಂಡರೆ ಹೇಗಾಗಬೇಕೋ ಹಾಗಾಯಿತು. ಗರಿ, ಹತ್ತಿ ಬೇರೆಬೇರೆಯಲ್ಲ. ಒಂದೇ ಪಾಚಿ, ಎರಡು ಮೈ. ತಂದೆಯದು ಒಂದು ಮೈ, ಮಗಳದು ಇನ್ನೊಂದು.

"ತುಂಗೀ, ಜ್ವರ ಬರೋದು ಹತ್ತಿ ಎದ್ದಾಗಲೋ, ಕೆರೆದ ಮೇಲೋ? ಯೋಚ್ನೆ ಮಾಡಿ ಹೇಳು."

"ಹತ್ತಿ ಕಾಣುತ್ತೆ. ಕಂಡ ತಕ್ಷಣ ಕೆರೀತೀನಿ. ಆಮೇಲೆ..." ಎಂದವಳು ಅಲ್ಲಿಗೇ ನಿಂತಳು.

"ಕೆರೆದಿದ್ದನ್ನೆಲ್ಲ ತೊಟ್ಟಿಗೆ ವಾಪಸ್ ಹಾಕು."

"ನಿಮಗೆ ಬುದ್ಧಿ ಗಿದ್ಧಿ ಇದೆಯಾ ಅಕ್ಕ? ಜ್ವರದ ಮಗು ಮನೇಲಿಟ್ಕೊಂಡು ಕೊಳೆ ತಂದು ಹಾಕ್ಲಾ?" ತುಂಗಮ್ಮ ಬಕೆಟ್ಟಿಗೂ ನನಗೂ ನಡುವೆ ಬಂದು ನಿಂತಳು. "ನೀವು ಹೇಳಿದ್ದು ತಪ್ಪಾದ್ರೆ?"

"ತಪ್ಪಾದ್ರೆ ಇನ್ನು ಮೇಲೆ ಯಾರ ತೊಟ್ಟಿಗೂ ಕೈ ಅದ್ದಲ್ಲ. ಬೀದೀಲಿ ಕೂತು ಸೊಪ್ಪು ಮಾರ್ತೀನಿ."

"ನಿಮ್ಮ ಕೆಲ್ಸ ಹೋಗುತ್ತೆ, ನನ್ನ ಮಗಳು ಹೋಗ್ತಾಳೆ. ಎರಡೂ ಒಂದೇನಾ?"

ಒಂದೇ ಅಲ್ಲ. ಮಾಚಪ್ಪ ಬಂದು ಬಕೆಟ್ಟಿನಿಂದ ಒಂದು ಚಿಟಿಕೆ ಹತ್ತಿ ತೆಗೆದು ಮೂಸಿದ. ಬಹಳ ಹೊತ್ತು ಮೂಸಿದ. "ತುಂಗಾ, ಇದು ನನ್ನ ವಾಸ್ನೆ ಕಣೆ," ಎಂದ.

ತುಂಗಮ್ಮ ಅವನ ಕೈಯನ್ನು ತನ್ನ ಮೂಗಿನ ಹತ್ತಿರ ಎಳೆದುಕೊಂಡಳು. ಗಂಡನ ವಾಸನೆ ಹೆಂಡತಿಗೆ ಗೊತ್ತಾಗದೇ? ಮುಖ ಬಿಳಿಚಿತು. "ಅರ್ಧ ಮೋರಿಗೆ ಚೆಲ್ಲಿಬಿಟ್ಟಿದೀನಿ ಅಕ್ಕ," ಎಂದಳು ಮೆಲ್ಲಗೆ. ತಾನೇ ಬಕೆಟ್ ಎತ್ತಿಕೊಂಡು ಹೋಗಿ ತೊಟ್ಟಿಗೆ ಸುರಿದಳು.

ಮೂವರೂ ತೊಟ್ಟಿಯ ಮುಂದೆ ಕೂತೆವು. ಹತ್ತಿಯ ಚೂರುಗಳು ನೀರಿನಲ್ಲಿ ದಿಕ್ಕಿಲ್ಲದೆ ಸುತ್ತಿದವು. ಮಗು ಕಣ್ಣು ಮುಚ್ಚಿ ನರಳುತ್ತಿತ್ತು. ಮಾಚಪ್ಪ ಎದ್ದು ಪಂಪಿನ ತಿರುಪು ಸ್ವಲ್ಪ ತಗ್ಗಿಸಿದ. ನೀರು ನಿಧಾನವಾಯಿತು. ಒಂದು ಚೂರು ತೇಲಿಬಂದು ಗರಿಯ ಬುಡಕ್ಕೆ ಸಿಕ್ಕಿಕೊಂಡಿತು, ಬಿಡಲಿಲ್ಲ. ಇನ್ನೊಂದು ಅದರ ಮೇಲೆ ಬಂದು ಕೂತಿತು. ಹೊತ್ತು ಇಳಿಯುತ್ತ ಬಂದ ಹಾಗೆ ಆ ಕೊಳೆಬಣ್ಣದ ಉಂಡೆ ನಮ್ಮ ಕಣ್ಣೆದುರೇ ಬಿಚ್ಚಿಕೊಂಡು, ತಿಳಿಯಾಗಿ, ಗುಲಾಬಿಯಾಗಿ ಬೆಳಗತೊಡಗಿತು. ನಾನು ಕೈ ಮುಗಿದೆ. ಯಾರಿಗೆ ಎಂದು ನನಗೆ ಗೊತ್ತಿಲ್ಲ, ಕೈ ತಾನಾಗಿ ಮುಗಿದುಕೊಂಡಿತು.

"ಅವ್ವಾ, ಸೆಖೆ," ಎಂದು ಮಗು ಕಂಬಳಿ ಒದೆಯಿತು. ಹಣೆಯ ತುಂಬ ಬೆವರು. "ಚಕ್ಲಿ ಕೊಡ್ತೀಯಾ?"

ತುಂಗಮ್ಮ ಮಗುವನ್ನು ಅಪ್ಪಿಕೊಂಡು ಅತ್ತ ಅಳುವನ್ನು ನಾನು ಮರೆಯಲಾರೆ. "ನನ್ನ ಕೈಯಾರೆ ಕೆರೆದ್ನಲ್ಲ ಅಕ್ಕ. ನಾನೇ ಕೆರೆದು ಕೆರೆದು ಚೆಲ್ಲಿದ್ನಲ್ಲ."

"ನೀನು ಕೆರೆದಿದ್ದನ್ನ ಲೆಕ್ಕ ಹಾಕ್ಬೇಡ ಕಣೆ," ಎಂದೆ. "ಅವಳು ವಾಪಸ್ ಬಂದಿದ್ದನ್ನ ನೋಡು. ಕೆರೆದಾಗೆಲ್ಲ ಬಂದಿದಾಳೆ. ಬೇರೆಲ್ಲಿಗೂ ಹೋಗಿಲ್ಲ, ನಿನ್ನ ತೊಟ್ಟಿಗೇ ಬಂದಿದಾಳೆ." ಹೇಳುತ್ತ ಹೇಳುತ್ತ ನನಗೂ ಅಳು ಬಂತು.

ಮರುದಿನ ಅರಳಿಕಟ್ಟೆಯಲ್ಲಿ ಊರು ಸೇರಿತು. ನಾನು ಹತ್ತಿ ಪಾಚಿಯ ಮಗು ಎಂದು ಗುರುತು ಹೇಳಿದೆ. ಗುಜುಗುಜು ಎದ್ದಿತು. ಕೊಂಬು ಪಾಚಿಯ ದಾಸೇಗೌಡರು ಊರಿಗೆ ಹಿರಿಯರು, ಮಾತು ಒರಟು. "ಕೊಳೆಗೂ ಒಂದು ಕುಲ ಕಟ್ಟೋಕೆ ಹೊರಟ್ರಾ ಚೆನ್ನಾಜಮ್ಮ? ನಾಳೆ ಮೋರಿಗೂ ಆರತಿ ಎತ್ತಿ ಅಂತೀರಿ," ಎಂದರು. ಜನ ನಕ್ಕರು. ನಾನು ಜಗಳಕ್ಕೆ ಹೋಗಲಿಲ್ಲ. ಎರಡು ಬಟ್ಟಲು ತಂದಿದ್ದೆ, ಒಂದರಲ್ಲಿ ಗರಿ, ಒಂದರಲ್ಲಿ ಹತ್ತಿ. "ಕಣ್ಣು ಮುಚ್ಚಿ ಮೂಸಿ, ಯಾವುದು ಯಾವುದು ಅಂತ ಹೇಳಿ ಸಾಕು," ಎಂದೆ. ಬಟ್ಟಲು ಕೈಯಿಂದ ಕೈಗೆ ಹೋಯಿತು. ಮೂಸಿದವರು ಮೂಸಿದವರೇ ಸುಮ್ಮನಾದರು. ಗೌಡರ ಕೈಗೆ ಬಂದಾಗ ಅವರು ಒಮ್ಮೆ ಮೂಸಿದರು. ಬಟ್ಟಲು ಕೆಳಗಿಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ಎದ್ದು ಮನೆಗೆ ಹೋದರು. ಅವರ ತಂದೆ ಗರಿಯವರು. ಅವರ ಅಕ್ಕನಿಗೆ ಪಾಚಿ ಏಳದೆ ಕಣಿವೆಯಾಚೆಗೆ ಕಳಿಸಿದ್ದರು. ಅದು ಹಳೆಯ ತಲೆಗಳಿಗೆ ಮಾತ್ರ ನೆನಪಿತ್ತು.

ಬರುವ ಅಮಾವಾಸ್ಯೆಗೆ ಯಾರೂ ಕೆರೆಯುವುದು ಬೇಡ ಎಂದು ತೀರ್ಮಾನವಾಯಿತು. ಕೂಸು ಅಲ್ಲೇ ಚಕ್ಕುಲಿ ಕಚ್ಚಿ ಹಲ್ಲು ಉದುರಿಸಿಕೊಂಡು, ರಕ್ತದ ಬಾಯಲ್ಲೇ ನಗುತ್ತ ಎಲ್ಲರಿಗೂ ತೋರಿಸಿಕೊಂಡು ಬಂತು. ಊರಲ್ಲೇ ಉಳಿಯುವುದೇನೋ ಗಟ್ಟಿಯಾಯಿತು, ಹೆಸರಿನ ಮಾತೇ ಬಗೆಹರಿಯಲಿಲ್ಲ. ಹತ್ತಿ ಪಾಚಿಯ ಹಿರಿಯರು ಊರಲ್ಲಿ ಯಾರಿದ್ದಾರೆ? ಇದ್ದವರನ್ನೆಲ್ಲ ನಾವೇ ಕಳಿಸಿದ್ದೆವು.

ಆ ಅಮಾವಾಸ್ಯೆಯ ಬೆಳಿಗ್ಗೆ ಊರಿನಲ್ಲಿ ನಾರು ಉಜ್ಜುವ ಸದ್ದಿರಲಿಲ್ಲ. ಮನೆಮನೆಯವರೂ ತೊಟ್ಟಿಯ ಮುಂದೆ ಕೂತಿದ್ದರು. ಅದಾಗಿ ಕೆಲವು ದಿನಕ್ಕೆ ನಾನು ಬೀದಿಯಲ್ಲಿ ಹೋಗುವಾಗ ಕಿಟಕಿಗಳಲ್ಲಿ ಹೊಸ ಬಣ್ಣ ಕಂಡೆ. ಇಲ್ಲೊಂದು, ಅಲ್ಲೊಂದು ಮನೆಯ ನೀಲಿ ನೀರಿನಲ್ಲಿ ಗುಲಾಬಿ ಮೋಡ. ಯಾರೋ ಮರೆತ ಚಿಕ್ಕಪ್ಪ, ಯಾರೋ ಹೆಸರಿಲ್ಲದ ಅತ್ತೆ, ಎಲ್ಲೋ ಕಣಿವೆಯಾಚೆಯ ಊರುಗಳಲ್ಲಿ ಬದುಕಿದ್ದಾರೆ ಎಂದು ಅಷ್ಟು ಮನೆಗಳಿಗೆ ಗೊತ್ತಾಯಿತು. ಊರಿಗೆ ಊರೇ ಮೆತ್ತಗೆ ಮಾತಾಡುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮೋಡ ದಾಸೇಗೌಡರ ತೊಟ್ಟಿಯಲ್ಲಿತ್ತು, ಮುಕ್ಕಾಲು ತೊಟ್ಟಿ ತುಂಬಿ.

"ಇದು ಯಾರು ಚೆನ್ನಾಜಮ್ಮ?" ಎಂದರು ಗೌಡರು.

"ಗೊತ್ತಿರೋದನ್ನ ನನ್ನ ಹತ್ರ ಯಾಕೆ ಕೇಳ್ತೀರಿ ಗೌಡ್ರೇ?"

"ಈ ಮನೇಲಿ ಪ್ರತಿ ಅಮಾಸೆ ಕೆರೀತಿದ್ದೋನು ನಾನು. ಹೆಂಗಸರು ಸರಿಯಾಗಿ ಕೆರೆಯಲ್ಲ ಅಂತ ನಾನೇ ಕೆರೀತಿದ್ದೆ." ಅವರು ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡರು. ನಾನು ಅವರ ಪಕ್ಕ ಕೂತೆ. ಅವತ್ತು ಕಾಫಿ ಕೇಳಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಕಣಿವೆಯ ಕಡೆಯಿಂದ ಒಬ್ಬಳು ಮುದುಕಿ ಊರುಗೋಲು ಊರಿಕೊಂಡು ಬಂದಳು. ಕೈಯಲ್ಲೊಂದು ಬಟ್ಟೆಚೀಲ. ಬೀದಿಯಲ್ಲಿ ಆಡುತ್ತಿದ್ದ ಕೂಸು ಅವಳನ್ನು ನೋಡಿ, ಯಾರೂ ಹೇಳದೆ, ಅವಳ ಜೊತೆಗೇ ನಡೆದುಕೊಂಡು ಬಂತು. ನಾನು ಗೌಡರ ಜೊತೆ ಅವರ ಜಗಲಿಯಲ್ಲಿ ಕೂತಿದ್ದೆ. ತುಂಗಮ್ಮ ಒಳಗೆ ಗೌಡರ ಮನೆಯವರ ಜೊತೆ ಹಪ್ಪಳದ ಹಿಟ್ಟು ನಾದುತ್ತಿದ್ದಳು.

ಮುದುಕಿ ಜಗಲಿಗೆ ಒರಗಿ ಉಸಿರು ತಿರುಗಿಸಿಕೊಂಡಳು. "ಈ ಬೀದೀನೇ ಅನ್ಸುತ್ತೆ. ಚಿಕ್ಕವಳಿದ್ದಾಗ ನೋಡಿದ್ದು, ಸರಿಯಾಗಿ ನೆನಪಿಲ್ಲ," ಎಂದಳು. "ನಂಗೆ ಬುದ್ಧಿ ಬಂದಾಗಿಂದ ಅಮಾಸೆ ಬಂತು ಅಂದ್ರೆ ಜ್ವರ ಕಣವ್ವ. ಮದುವೆ ಆದಾಗ್ಲೂ ಬಂತು, ಮಕ್ಕಳು ಹೆತ್ತಾಗ್ಲೂ ಬಂತು. ಡಾಕ್ಟ್ರೆಲ್ಲ ನೋಡಿ ಸೋತ್ರು. ಈ ಅಮಾಸೆಗೆ ಬರ್ಲಿಲ್ಲ. ಹುಟ್ಟಿದೂರಲ್ಲಿ ಏನೋ ಆಗಿರ್ಬೇಕು ಅನ್ನಿಸ್ತು. ಕೇಳ್ಕೊಂಡು ಹೋಗೋಣ ಅಂತ ಬಂದೆ."

ದಾಸೇಗೌಡರು ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡು, ಒಳಗೆ ಕರೆದೊಯ್ದು ತೊಟ್ಟಿಯ ಮುಂದೆ ನಿಲ್ಲಿಸಿದರು. ಅವಳು ಆ ಗುಲಾಬಿ ಮೋಡವನ್ನು ನೋಡುತ್ತ ನಿಂತಳು. ನಾನು ಯಾವ ಗುರುತನ್ನೂ ಹೇಳಬೇಕಾಗಲಿಲ್ಲ. ಮೆಲ್ಲಗೆ ಕೈ ಅದ್ದಿದಳು. ಮೋಡ ಅವಳ ಬೆರಳುಗಳ ಸುತ್ತ ಬಂದು ಸೇರಿಕೊಂಡಿತು. "ತಣ್ಣಗಿದೆ," ಎಂದಳು ಅಷ್ಟೇ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನಿನ್ನ ಹೆಸರೇನಜ್ಜಿ?" ಎಂದು ಕೂಸು ಅವಳ ಸೆರಗು ಜಗ್ಗಿತು. "ನಂಗೆ ಹೆಸರಿಲ್ಲ."

"ಆ ಊರಲ್ಲಿ ಎಲ್ರೂ ಕೂಸಮ್ಮ ಅಂತಾರೆ," ಎಂದಳು ಮುದುಕಿ. "ಇನ್ನೊಂದಿದೆ. ಕಣಿವೆ ಹತ್ರ ಬಿಡುವಾಗ ನಮ್ಮವ್ವ ಕಿವೀಲಿ ಹೇಳಿದ್ಲು. ಹೆತ್ತೋಳು ಹೆಸರಿಡಬಾರ್ದು, ಯಾರಿಗೂ ಹೇಳ್ಬೇಡ ಅಂದಿದ್ಲು. ಇವತ್ತಿನವರೆಗೂ ಹೇಳಿಲ್ಲ."

"ನಂಗೆ ಹೇಳು."

ಮುದುಕಿ ನಮ್ಮೆಲ್ಲರ ಮುಖ ನೋಡಿದಳು. ಗೌಡರು ತಲೆಯಾಡಿಸಿದರು. ಅವಳು ಊರುಗೋಲಿನ ಮೇಲೆ ಭಾರ ಹಾಕಿ ಬಗ್ಗಿ, ಒದ್ದೆ ಕೈಯಿಂದ ಕೂ​ಸಿನ ಕೂದಲು ಸರಿಸಿ, ಕಿವಿಯಲ್ಲಿ ಹೇಳಿದಳು. ಹತ್ತಿ ಪಾಚಿಯ ಹಿರಿಯಳು ಹತ್ತಿ ಪಾಚಿಯ ಮಗುವಿನ ಕಿವಿಯಲ್ಲಿ ಹೇಳಿದ ಹೆಸರು. ಆಮೇಲೆ ಅದನ್ನು ಯಾರೂ ಬದಲಾಯಿಸುವಂತಿಲ್ಲ.

"ಹೊಂಬಾಳೆ!" ಎಂದು ಕಿರುಚುತ್ತ ಮಗು ಹಲ್ಲು ಬಿದ್ದ ಬಾಯಿ ತೆರೆದು ಅಂಗಳಕ್ಕೆ ಓಡಿತು. "ಹೊಂಬಾಳೆ, ಹೊಂಬಾಳೆ!"

ತುಂಗಮ್ಮ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ಆದರೂ ಅಂಗಳದತ್ತ ತಿರುಗಿ, "ಹೊಂಬಾಳೇ..." ಎಂದು ಕೂಗಿದಳು.

ಅಂಗಳದಿಂದ ಮಗುವೂ, ತೊಟ್ಟಿಯ ಬಳಿಯಿಂದ ಮುದುಕಿಯೂ ಒಟ್ಟಿಗೇ ಓಗೊಟ್ಟರು.